ಚಿಕ್ಕಕ್ಷರದ ಸಾಲು

ಮಾರ್ಚ್ 4, ಸೋಮವಾರ

ಒಂಬತ್ತು ದಿನಗಳ ರಜೆ ಮುಗಿಸಿ ಇಂದು ಕೆಲಸಕ್ಕೆ ಹೋದೆ. ಬೆಳಿಗ್ಗೆ ಎರಡು ಲೋಟ ಚಹಾ ಮಾಡಿ, ಒಂದನ್ನು ಸಿಂಕಿಗೆ ಸುರಿದು ಹೊರಟೆ. ಅಮ್ಮ ಹೋದ ಮೇಲೆ ಹೀಗಾಗುತ್ತಿರುವುದು ಮೂರನೆಯ ಸಲ.

ಕನ್ನಡಕದ ವರ್ಕ್‌ಶಾಪಿನಲ್ಲಿ ಎಲ್ಲರೂ ಒಂದೊಂದು ಮಾತು ಹೇಳಿದರು, ಬೇಗ ಹೇಳಿ ಮುಗಿಸಿದರು. ಅಷ್ಟೇ ಸಾಕಿತ್ತು. ನನ್ನ ಕುರ್ಚಿಯ ಮೇಲೆ ಒಂದು ದಿಂಬಿತ್ತು. ರಜೆಯಲ್ಲಿ ನನ್ನ ಮೇಜು ನೋಡಿಕೊಂಡವರು ತಿರುಪಣ್ಣ. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತದೆ. ಮೂವತ್ತು ವರ್ಷ ಲೆನ್ಸನ್ನು ಫ್ರೇಮಿಗೆ ಕೂರಿಸಿ ತಿರುಪು ಬಿಗಿದು, ಅಂಗಿ ಜೇಬಿನಲ್ಲಿ ಬೆರಳುದ್ದದ ಸ್ಕ್ರೂಡ್ರೈವರ್ ಇಟ್ಟುಕೊಂಡು ಓಡಾಡಿ, ಎಲ್ಲರ ಬಾಯಲ್ಲೂ ತಿರುಪಣ್ಣನೇ ಆಗಿಹೋಗಿದ್ದಾರೆ. ದಿಂಬು ಎತ್ತಿಕೊಳ್ಳುತ್ತ ಹೇಳಿದರು:

“ಬಂದ್ರಾ ಟೀಚರಮ್ಮ? ಸದ್ಯ, ಬದುಕಿದೆ. ಒಂಬತ್ತು ದಿನ ಇಲ್ಲಿ ಬಗ್ಗಿ ಕೂತು ನನ್ನ ಕತ್ತು ಕೊಕ್ಕರೆ ಕತ್ತಾಗಿದೆ.”

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತೇನೆಂದು ನನಗೆ ಅವರಿಟ್ಟ ಹೆಸರು ಅದು.

ಹನ್ನೊಂದರ ಹೊತ್ತಿಗೆ ಸೇತುವೆ ಪಕ್ಕದ ಕ್ಲಿನಿಕ್ಕಿನ ಚೀಟಿಯೊಂದು ಬಂತು. ಎಂದಿನಂತೆ ಪೆನ್ಸಿಲಿನಲ್ಲಿ ತಿದ್ದಿ, ಲೆನ್ಸು ತಿರುಗಿಸಿ, ಚುಕ್ಕಿ ಹಾಕತೊಡಗಿದೆ. ಮೂರನೆಯ ಚುಕ್ಕಿಗೆ ಕೈ ನಿಂತಿತು.

“ಅಣ್ಣಾ, ಸೇತುವೆ ಕ್ಲಿನಿಕ್ಕಿನ ಚೀಟಿಗಳನ್ನ ಹೇಗೆ ಮಾಡಿದ್ರಿ?”

“ಹೇಗೆ ಅಂದ್ರೆ? ಚೀಟೀಲಿ ಇದ್ದ ಹಾಗೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಬೇಕಾದ್ರೆ ಅಳೆದು ನೋಡಿ.”

ಹೆಮ್ಮೆಯಿಂದ ಹೇಳಿದರು. ನಾನು ಸರಿ ಎಂದೆ.

ಕನ್ನಡಕ ಮೂಗಿನಿಂದ ಜಾರುತ್ತಿದೆ. ಇಡೀ ದಿನ ಪೆನ್ಸಿಲ್ ತುದಿಯಿಂದ ಮೇಲೆ ತಳ್ಳಿಕೊಳ್ಳುತ್ತಿದ್ದೆ.

ಮಾರ್ಚ್ 5, ಮಂಗಳವಾರ

ಇದನ್ನು ಯಾರಿಗೂ ಹೇಳಿಲ್ಲ. ಹೇಳಬೇಕಾಗಿ ಬಂದರೆ ಸರಳವಾಗಿ ಹೇಳಲು ಬರುತ್ತದೆಯೇ ಎಂದು ಇಲ್ಲಿ ಬರೆದು ನೋಡುತ್ತೇನೆ.

ಕೆಲವರ ಕಣ್ಣಿಗೆ ಲೆನ್ಸಿನ ಪವರ್ ಸರಿಯಿದ್ದರೆ ಸಾಲದು, ಲೆನ್ಸು ಸರಿಯಾದ ಕೋನದಲ್ಲಿ ಕೂರಬೇಕು. ಲೆನ್ಸನ್ನು ಯಂತ್ರದ ಕೆಳಗಿಟ್ಟು, ಚೀಟಿಯಲ್ಲಿರುವ ಕೋನಕ್ಕೆ ತಿರುಗಿಸಿ, ಮೂರು ಚುಕ್ಕಿ ಶಾಯಿ ಹಾಕುವುದು ನನ್ನ ಕೆಲಸ. ಆ ಚುಕ್ಕಿಗಳ ನೇರಕ್ಕೆ ಮುಂದಿನ ಮೇಜಿನಲ್ಲಿ ಕತ್ತರಿಸುತ್ತಾರೆ. ಕಡೆಯ ತಪಾಸಣೆಯೂ ನನ್ನದೇ.

ಈ ಪವರನ್ನು ಡಾಕ್ಟರುಗಳು ಎರಡು ರೀತಿ ಬರೆಯುತ್ತಾರೆ. ಕೆಲವರು ಪ್ಲಸ್ ಹಾಕಿ, ಕೆಲವರು ಮೈನಸ್ ಹಾಕಿ. ಎರಡೂ ಸರಿ. ಆದರೆ ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಕೋನವನ್ನೂ ತೊಂಬತ್ತು ಡಿಗ್ರಿ ತಿರುಗಿಸಬೇಕು. ನಮ್ಮಲ್ಲಿ ಎಲ್ಲವೂ ಮೈನಸ್. ಸೇತುವೆ ಕ್ಲಿನಿಕ್ಕಿನ ಡಾಕ್ಟರು ಮಾತ್ರ ಪ್ಲಸ್. ಬದಲಿಸುವುದು ಕಂಪ್ಯೂಟರಿನ ಪಾಲಿಗಿದೆ. ಕೋನ ತೊಂಬತ್ತರೊಳಗಿದ್ದರೆ ಅದು ಸರಿಯಾಗಿ ಬದಲಿಸುತ್ತದೆ. ತೊಂಬತ್ತು ದಾಟಿದ್ದರೆ ಚಿಹ್ನೆಯನ್ನು ಬದಲಿಸಿ ಕೋನವನ್ನು ಇದ್ದಲ್ಲೇ ಬಿಟ್ಟುಬಿಡುತ್ತದೆ.

ಚೀಟಿಯ ತಲೆಯಲ್ಲಿ ಡಾಕ್ಟರು ಬರೆದದ್ದು ಚಿಕ್ಕಕ್ಷರದಲ್ಲಿ ಅಚ್ಚಾಗಿರುತ್ತದೆ. ಅದರ ಕೆಳಗೆ ಕಂಪ್ಯೂಟರು ಬದಲಿಸಿದ್ದು ದೊಡ್ಡಕ್ಷರದಲ್ಲಿ. ಎಲ್ಲರೂ ಓದುವುದು ದೊಡ್ಡಕ್ಷರ. ಚಿಕ್ಕಕ್ಷರ ಓದುವವಳು ನಾನೊಬ್ಬಳೇ. ಈ ಕಂಪ್ಯೂಟರು ಬಂದಾಗಿನಿಂದ, ಆರು ವರ್ಷ, ದಿನಕ್ಕೆ ಮೂರೋ ನಾಲ್ಕೋ ಚೀಟಿ ಪೆನ್ಸಿಲಿನಲ್ಲಿ ತಿದ್ದಿದ್ದೇನೆ.

ಊಟದ ಹೊತ್ತಿನಲ್ಲಿ ಒಂಬತ್ತು ದಿನದ ಚೀಟಿಕಟ್ಟು ಬಿಚ್ಚಿ ಎಣಿಸಿದೆ. ಮೂವತ್ತೊಂದು ಜೋಡಿ ತಪ್ಪಾಗಿವೆ. ಎಲ್ಲವೂ ತಲುಪಬೇಕಾದವರಿಗೆ ತಲುಪಿವೆ.

ಬರೆದದ್ದನ್ನು ಓದಿದೆ. ಸರಳವಾಗಿಯೇ ಬಂದಿದೆ. ಕಷ್ಟ ಅದರಲ್ಲಿಲ್ಲ.

ಮಾರ್ಚ್ 7, ಗುರುವಾರ

ಮೊದಲನೆಯವರು ಬಂದರು. ಟ್ಯಾಕ್ಸಿ ಓಡಿಸುವವರು. ಕನ್ನಡಕವನ್ನು ಯಜಮಾನರ ಮೇಜಿನ ಮೇಲಿಟ್ಟರು.

“ರೋಡು ಒಂದು ಕಡೆ ಎದ್ದು ನಿಲ್ಲುತ್ತೆ ಸ್ವಾಮಿ. ಸಮ ರೋಡಲ್ಲಿ ಘಾಟಿ ಹತ್ತಿದ ಹಾಗೆ ಸ್ಟೇರಿಂಗ್ ತಿರುಗಿಸ್ತಿದ್ದೀನಿ.”

“ಟೈರಲ್ಲಿ ಗಾಳಿ ನೋಡಿ” ಎಂದು ತಿರುಪಣ್ಣ ತಮ್ಮ ಮೂಲೆಯಿಂದ ಹೇಳಿದರು. ಎಲ್ಲರೂ ನಕ್ಕರು. ಟ್ಯಾಕ್ಸಿಯವರು ನಗಲಿಲ್ಲ. ನಾನೂ ನಗಲಿಲ್ಲ, ಆದರೆ ನಾನು ನಗದಿರುವುದು ಯಾರಿಗೂ ಹೊಸತಲ್ಲ.

ಮಾರ್ಚ್ 8, ಶುಕ್ರವಾರ

ಇನ್ನೂ ಇಬ್ಬರು. ಮಧ್ಯಾಹ್ನ ಕ್ಲಿನಿಕ್ಕಿನ ಡಾಕ್ಟರೇ ಫೋನ್ ಮಾಡಿದರು. ವಿಷಯ ತಿಳಿಯುವವರೆಗೆ ಕನ್ನಡಕಗಳನ್ನು ಬೇರೆ ಕಡೆ ಮಾಡಿಸುತ್ತಾರಂತೆ. ನಮ್ಮ ಕೆಲಸದಲ್ಲಿ ಮೂರರಲ್ಲೊಂದು ಪಾಲು ಅವರದು. ಯಜಮಾನರು ಫೋನ್ ಇಟ್ಟು ಲೆಕ್ಕದ ಪುಸ್ತಕ ತೆರೆದರು. ಅವರು ಕೂಗಾಡದಿದ್ದಾಗಲೇ ಭಯ.

ಮಾರ್ಚ್ 10, ಭಾನುವಾರ

ಕೆಳಮನೆಯಾಕೆ ಅಮ್ಮನಿಂದ ತೆಗೆದುಕೊಂಡಿದ್ದ ಪಾತ್ರೆ ಹಿಂತಿರುಗಿಸಲು ಬಂದರು. ಒಳಗೆ ಕರೆಯುವ ಅಭ್ಯಾಸ ನನಗಿಲ್ಲ. ಅವರೇ ಬಂದು ಕೂತರು. ಅಡುಗೆಮನೆಯನ್ನು ನೋಡುತ್ತ ಹೇಳಿದರು:

“ಕಡೇ ಎರಡು ವರ್ಷ ನಿಮ್ಮಮ್ಮಂಗೆ ಉಪ್ಪಿನ ಹದ ತಪ್ಪಿತ್ತಲ್ವಾ? ನೀವು ಹಿಂದಿನಿಂದ ಹಾಕ್ತಿದ್ರಂತೆ.”

ನಾನು ಬೆಚ್ಚಿದೆ. ಅದು ಯಾರಿಗೂ ಗೊತ್ತಿಲ್ಲದ ಸಂಗತಿ. ಅಮ್ಮ ಒಲೆ ಆರಿಸಿ ಕಿಟಕಿಯ ಬಳಿ ಹೋದಾಗ ನಾನು ರುಚಿ ನೋಡಿ, ಬೇಕಾದರೆ ಉಪ್ಪು, ಹೆಚ್ಚಾಗಿದ್ದರೆ ನೀರು ಹಾಕುತ್ತಿದ್ದೆ. ಊಟದಲ್ಲಿ “ಚೆನ್ನಾಗಿದೆ” ಎನ್ನುತ್ತಿದ್ದೆ.

“ಅಮ್ಮ ಹೇಳಿದ್ರಾ?”

“ಹೇಳಿ ಹೇಳಿ ನಗ್ತಿದ್ರು. ‘ಅವಳು ಉಪ್ಪು ಹಾಕ್ಲಿ ಅಂತ್ಲೇ ನಾನು ಹೋಗಿ ಕಿಟಕಿ ಹತ್ರ ನಿಲ್ತೀನಿ. ನೋಡೋಕೆ ಏನಿದೆ ಅಲ್ಲಿ, ಎದುರು ಮನೆ ಗೋಡೆ’ ಅಂತ.”

ಎರಡು ವರ್ಷ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದೆವು. ಒಂದು ದಿನ ತಿರುಗಿದ್ದರೆ ಇಬ್ಬರೂ ನಗಬಹುದಿತ್ತು.

ಮಾರ್ಚ್ 11, ಸೋಮವಾರ

ಸಾಫ್ಟ್‌ವೇರ್ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು, ಬೆನ್ನಿಗೆ ದೊಡ್ಡ ಚೀಲ, ಒಂದು ಶೂವಿನ ಲೇಸು ಬಿಚ್ಚಿತ್ತು. ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಇಪ್ಪತ್ತು ಉದಾಹರಣೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಕೊಟ್ಟು ನೋಡಿದಳು. ಇಪ್ಪತ್ತೂ ಸರಿಯಾಗಿ ಬಂದವು. ನಾನು ಲೆನ್ಸು ಒರೆಸುತ್ತ ಓರೆಗಣ್ಣಿನಲ್ಲಿ ನೋಡಿದೆ: ಇಪ್ಪತ್ತರಲ್ಲಿ ಒಂದೂ ತೊಂಬತ್ತು ದಾಟಿರಲಿಲ್ಲ.

“ಆರು ವರ್ಷದಿಂದ ಈ ಪ್ರೋಗ್ರಾಂನಲ್ಲಿ ಒಂದು ಅಕ್ಷರಾನೂ ಬದಲಾಗಿಲ್ಲ ಸರ್,” ಎಂದು ಯಜಮಾನರಿಗೆ ಹೇಳಿದಳು. “ಆರು ವರ್ಷ ಸರಿ ಇತ್ತು, ಒಂಬತ್ತು ದಿನ ಕೆಟ್ಟಿತು, ಈಗ ಮತ್ತೆ ಸರಿ ಇದೆ. ನಂಗೆ ಅರ್ಥ ಆಗ್ತಿಲ್ಲ.”

“ನಂಗೆ ಅರ್ಥ ಆಗುತ್ತೆ,” ಎಂದರು ಯಜಮಾನರು. “ಆ ಒಂಬತ್ತು ದಿನ ಇಲ್ಲಿ ಕೂತಿದ್ದು ಯಾರು? ಏನ್ರೀ ತಿರುಪಣ್ಣ, ಏನು ಒತ್ತಿದ್ರಿ?”

ತಿರುಪಣ್ಣ ಎದ್ದು ನಿಂತರು. “ಏನೂ ಒತ್ತಿಲ್ಲ ಯಜಮಾನ್ರೇ. ಪ್ರಿಂಟ್ ಬಿಟ್ರೆ ನಂಗೆ ಬೇರೇನೂ ಒತ್ತಕ್ಕೆ ಬರಲ್ಲ.”

“ಬರದೇ ಇರೋರೇ ಒತ್ತೋದು.”

ಕ್ಲಿನಿಕ್ಕಿನ ಒಂಬತ್ತು ದಿನದ ಕನ್ನಡಕಗಳನ್ನೆಲ್ಲ ವಾಪಸು ಕರೆಸಬೇಕು, ನೂರ ನಲವತ್ತು ಆಗಬಹುದು ಎಂದು ಯಜಮಾನರು ಹಣೆ ಚಚ್ಚಿಕೊಂಡರು. “ನೂರ ನಲವತ್ತು ಬೇಡ, ಮೂವತ್ತೊಂದು ಸಾಕು” ಎಂದೆ. ಬಾಯಿಂದ ಜಾರಿಹೋಯಿತು.

ಆ ಹೆಣ್ಣುಮಗಳು ತಿರುಗಿದಳು. “ಮೂವತ್ತೊಂದು ಅಂತ ಹೇಗೆ ಗೊತ್ತಾಯ್ತು ಮೇಡಂ?”

“ಅಂದಾಜು.”

“ಅಂದಾಜು ಅಂದ್ರೆ ಮೂವತ್ತು ಇರುತ್ತೆ, ಇಲ್ಲ ನಲವತ್ತು. ಅಂದಾಜು ಮೂವತ್ತೊಂದು ನಾನು ಇದೇ ಮೊದಲು ಕೇಳಿದ್ದು.”

ಹಳೆಯ ಚೀಟಿಗಳು ಬೇಕೆಂದಳು. ಅಟ್ಟದ ಮೇಲಿವೆ, ತೆಗೆಸಬೇಕು ಎಂದೆ. ಅಷ್ಟರಲ್ಲಿ ಅವಳ ಬಾಸ್ ವಾಪಸು ಬರುವಂತೆ ಫೋನ್ ಮಾಡಿದ. ಒಂಬತ್ತು ದಿನದ ಚೀಟಿಗಳ ಫೋಟೊ ತೆಗೆದುಕೊಂಡು, ಮುಂದಿನ ಸೋಮವಾರ ಬರುತ್ತೇನೆಂದಳು. ಚೀಲ ಏರಿಸಿಕೊಳ್ಳುತ್ತ ನನ್ನೊಬ್ಬಳಿಗೆ ಹೇಳಿದಳು:

“ಇಂಥ ತಪ್ಪು ಹುಟ್ಟಿದ ದಿನ ಹಿಡಿದ್ರೆ ಅರ್ಧ ಗಂಟೆ ಕೆಲಸ ಮೇಡಂ. ತಿಂಗಳು ಕಳೆದ್ರೆ ಒಂದು ವಾರ. ವರ್ಷಗಟ್ಟಲೆ ಬೆಳೆದು ಮನೆ ಬಿಟ್ಟು ಹೋದ ಮೇಲೆ, ಯಾರ ಮನೇಲಿ ಏನು ಮುರೀತು ಅಂತ ನಮಗೇ ಗೊತ್ತಾಗಲ್ಲ.”

ಅವಳ ಶೂ ಲೇಸಿನ ವಿಷಯ ಹೇಳಬೇಕೆಂದುಕೊಂಡೆ. ಹೇಳುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು.

ಮಾರ್ಚ್ 12, ಮಂಗಳವಾರ

ತಪ್ಪಾದ ಚೀಟಿಗಳನ್ನು ಬೇರೆ ಮಾಡಿಕೊಟ್ಟೆ, ಮೂವತ್ತೊಂದೇ ಬಂದವು. ಆ ಮೂವತ್ತೊಂದು ಜನರಿಗೆ ಫೋನ್ ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು. “ನೀವು ಕಡಿಮೆ ಮಾತಾಡ್ತೀರಿ, ಅದಕ್ಕೇ” ಎಂದರು ಯಜಮಾನರು. ಓದಬೇಕಾದ ವಾಕ್ಯವನ್ನೂ ಬರೆದುಕೊಟ್ಟಿದ್ದಾರೆ: ತಾಂತ್ರಿಕ ಕಾರಣದಿಂದ ನಿಮ್ಮ ಕನ್ನಡಕವನ್ನು ಬದಲಿಸಿಕೊಡಲಾಗುವುದು.

ಇಂದು ಒಂಬತ್ತು ಜನ. ಓದಿದೆ, ವಿಳಾಸ ಕೇಳಿದೆ, ಇಟ್ಟೆ.

ಮಾರ್ಚ್ 14, ಗುರುವಾರ

ಇಪ್ಪತ್ತೆರಡು ಮುಗಿದವು. ಇಷ್ಟು ಜನ ದೂರು ಕೊಡದೆ ಏಕೆ ಸುಮ್ಮನಿದ್ದರೆಂದು ಈಗ ಗೊತ್ತಾಯಿತು. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಹೇಳಿ ಕಳಿಸುತ್ತಾರಂತೆ: ಹೊಸ ಕನ್ನಡಕ, ಹದಿನೈದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ.

ಎಲ್ಲರೂ ಅಡ್ಜಸ್ಟ್ ಮಾಡಿಕೊಳ್ಳುತ್ತಿದ್ದಾರೆ. ಹೊಲಿಗೆಯಾಕೆ ಒಂದೇ ಕಾಲರನ್ನು ಮೂರು ಸಲ ಬಿಚ್ಚಿದ್ದಾಳೆ. “ನಂಗೇ ವಯಸ್ಸಾಯ್ತು ಅಂದ್ಕೊಂಡೆ ಅಕ್ಕಾ, ಗಿರಾಕಿಗೆ ಬೇರೆ ಬೈದೆ, ನಿಮ್ಮ ಕತ್ತೇ ಸೊಟ್ಟ ಅಂತ.” ಒಬ್ಬರು ಗೋಡೆಯ ಮೇಲಿನ ಫೋಟೊವನ್ನು ದಿನಾ ನೇರ ಮಾಡುತ್ತಾರೆ, ಹಿಂದೆಯೇ ಅವರ ಹೆಂಡತಿ ಬಂದು ಮೊದಲಿನಂತೆ ಇಡುತ್ತಾಳೆ. “ನಮ್ಮಿಬ್ಬರಿಗೂ ಜಗಳ ಆಗೋದೊಂದು ಬಾಕಿ ಇತ್ತು” ಎಂದರು. ಮತ್ತೊಬ್ಬರು ತಲೆಯ ಸ್ಕ್ಯಾನ್ ಮಾಡಿಸಲು ದಿನ ಗೊತ್ತು ಮಾಡಿಸಿಕೊಂಡಿದ್ದರು.

ಒಬ್ಬರಾದರೂ ಕನ್ನಡಕವನ್ನು ಅನುಮಾನಿಸಬಾರದೇ? ತಪ್ಪು ತಮ್ಮಲ್ಲೇ ಇದೆಯೆಂದು ಎಷ್ಟು ಸಲೀಸಾಗಿ ಒಪ್ಪಿಕೊಂಡಿದ್ದಾರೆ.

ಬರೆದುಕೊಟ್ಟ ವಾಕ್ಯ ಈಗ ಬಾಯಿಪಾಠವಾಗಿದೆ. ಅದನ್ನು ಹೇಳಿದ ಮೇಲೆ “ತಪ್ಪು ನಿಮ್ಮ ಕಣ್ಣಿನದಲ್ಲ” ಎಂದು ನನ್ನದೂ ಒಂದು ವಾಕ್ಯ ಸೇರಿಸುತ್ತಿದ್ದೇನೆ. ಅದನ್ನು ಕೇಳಿ ಹೊಲಿಗೆಯಾಕೆ ಹತ್ತು ನಿಮಿಷ ಮಾತನಾಡಿದಳು. ನಾನೂ ಫೋನ್ ಇಡಲಿಲ್ಲ. ನನ್ನಮ್ಮನೂ ಹೊಲಿಯುತ್ತಿದ್ದಳೆಂದು ಏಕೆ ಹೇಳಿದೆನೋ.

ಹದಿನೇಳನೆಯ ಚೀಟಿಯವರದು ಫೋನ್ ಹೋಗುತ್ತಿಲ್ಲ.

ಮಾರ್ಚ್ 15, ಶುಕ್ರವಾರ

ಸಾಫ್ಟ್‌ವೇರ್ ಕಂಪನಿಯಿಂದ ಪತ್ರ ಬಂತು. ಪ್ರೋಗ್ರಾಂ ಸರಿಯಿದೆ, ಬಳಸುವವರ ಕಡೆಯಿಂದ ಯಾವುದೋ ಸೆಟ್ಟಿಂಗ್ ಬದಲಾಗಿರಬೇಕು, ನಷ್ಟಕ್ಕೆ ತಾವು ಹೊಣೆಯಲ್ಲ. ಯಜಮಾನರು ತಿರುಪಣ್ಣನನ್ನು ಒಳಗೆ ಕರೆದರು. ಗಾಜಿನ ಆಚೆ ಏನೂ ಕೇಳಿಸಲಿಲ್ಲ. ಯಜಮಾನರ ಬಾಯಿ ಅಲ್ಲಾಡುವುದೂ ತಿರುಪಣ್ಣನ ತಲೆ ಅಲ್ಲಾಡುವುದೂ ಕಾಣಿಸಿತು.

ತಿಂಗಳ ಕೊನೆಗೆ ಅವರು ಕೆಲಸ ಬಿಡಬೇಕು. ಪೂರ್ತಿ ಪಿಂಚಣಿಗೆ ಇನ್ನು ಹದಿನಾಲ್ಕು ತಿಂಗಳಿತ್ತು.

ಹೊರಗೆ ಬಂದು ನನ್ನ ಮೇಜಿನ ಬಳಿ ನಿಂತರು. ಕಂಪ್ಯೂಟರಿನ ಕೀಲಿಗಳನ್ನು ನೋಡುತ್ತ ಮೆಲ್ಲಗೆ ಹೇಳಿದರು:

“ಏನೋ ಒತ್ತಿರ್ಬೇಕು ಕಣಮ್ಮ ನಾನು. ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ. ದಿಂಬು ಇಡುವಾಗ ಮೊಣಕೈ ತಗುಲ್ತೇನೋ.”

ಆ ಮೂವತ್ತೊಂದು ಜನರ ದನಿ ಅದು. ಈಗ ಮೂವತ್ತೆರಡನೆಯವರು.

ಅಲ್ಲೇ ಹೇಳಬಹುದಿತ್ತು. ಏಕೆ ಹೇಳಲಿಲ್ಲವೆಂದು ಬರೆಯುತ್ತೇನೆ, ಇಲ್ಲಿಯಾದರೂ. ಆರು ವರ್ಷದ ಹಿಂದೆ ಕಂಪ್ಯೂಟರು ಕೂರಿಸಿದ ಎರಡನೆಯ ವಾರವೇ ನನಗೆ ಇದು ಕಂಡಿತ್ತು. ಚೀಟಿ ಹಿಡಿದು ಯಜಮಾನರ ಕೋಣೆಗೆ ಹೋದೆ. ಕಂಪ್ಯೂಟರು ಕೂರಿಸಿದವನು ಅಲ್ಲೇ ಇದ್ದ. ನಾನು ಬಾಯಿ ತೆರೆಯುತ್ತಿದ್ದಂತೆ, “ಯಂತ್ರ ತಪ್ಪು ಮಾಡಲ್ಲಮ್ಮ, ನೋಡೋ ಕಣ್ಣು ತಪ್ಪು ಮಾಡುತ್ತೆ. ಕನ್ನಡಕ ಬದಲಿಸಿ” ಎಂದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ಚೀಟಿ ಮಡಚಿಕೊಂಡು ಬಂದೆ.

ಇಷ್ಟನ್ನು ಯಾರಿಗಾದರೂ ಹೇಳಬಹುದು. ಉಳಿದದ್ದು ಇದು. ಆ ತಿಂಗಳು ಚುಕ್ಕಿ ಹಾಕುವ ಮೂವರಲ್ಲಿ ಇಬ್ಬರನ್ನು ತೆಗೆದರು. ಕಂಪ್ಯೂಟರು ಬಂದಮೇಲೆ ಒಬ್ಬರು ಸಾಕು. ಉಳಿದವಳು ನಾನು. ಅಂದಿನಿಂದ ಆ ತಪ್ಪು ನನಗೆ ಬೇಕಾಯಿತು. ಪ್ರತಿ ಸಲ ಪೆನ್ಸಿಲ್ ಎತ್ತಿದಾಗಲೂ ‘ನಾನಿಲ್ಲದಿದ್ದರೆ ನೋಡು’ ಎಂದು ಒಳಗೇ ಒಂದು ಸಮಾಧಾನ. ನಾನಿಲ್ಲದೆ ಒಂಬತ್ತು ದಿನ ಕಳೆಯಿತು. ನೋಡಿದೆ.

ಮಾರ್ಚ್ 17, ಭಾನುವಾರ

ಹದಿನೇಳನೆಯವರ ವಿಳಾಸವನ್ನು ಕ್ಲಿನಿಕ್ಕಿನಲ್ಲಿ ಕೇಳಿಕೊಂಡು, ಮನೆ ಹುಡುಕಿಕೊಂಡು ಹೋದೆ. ಬದಲಿ ಕನ್ನಡಕವನ್ನು ನಿನ್ನೆಯೇ ಮಾಡಿಸಿದ್ದೆ. ಚುಕ್ಕಿ ನನ್ನದು, ಫ್ರೇಮು ಕೂರಿಸಿದ್ದು ತಿರುಪಣ್ಣ. ಎರಡು ಬಸ್ಸು ಬದಲಿಸಿ, ಟೈರು ಅಂಗಡಿಯ ಹಿಂದಿನ ಓಣಿ. ಬೋರ್ಡು ಬರೆಯುವವರು. ಅಂಗಡಿಯ ಬಾಗಿಲು ಮುಚ್ಚಿತ್ತು. ಹಿಂದೆಯೇ ಮನೆ.

ಅವರ ಹೆಂಡತಿ ಬಾಗಿಲು ತೆಗೆದರು. “ಫೋನ್ ಆಫ್ ಮಾಡಿ ಕೂತಿದಾರೆ. ಕೆಲಸ ಕೇಳ್ಕೊಂಡು ಬರೋರಿಗೆ ಏನು ಹೇಳೋದು ಅಂತ.” ಒಳಗೆ ತಿರುಗಿ, “ರೀ, ಕನ್ನಡಕದೋರು ಬಂದಿದಾರೆ.”

ಐವತ್ತೈದರ ವಯಸ್ಸು. ಮಂಚದ ತುದಿಯಲ್ಲಿ ಕೂತಿದ್ದರು, ಎರಡೂ ಕೈ ಮಂಡಿಯ ಮೇಲೆ. ನಲವತ್ತು ವರ್ಷ ಗೆರೆ ಎಳೆಯದೆ ಅಕ್ಷರ ಬರೆದವರಂತೆ. ಎರಡು ವಾರದ ಹಿಂದೆ ಹೊಸ ಕನ್ನಡಕ ಹಾಕಿ ಬರೆದ ಬೋರ್ಡನ್ನು ಔಷಧಿ ಅಂಗಡಿಯವನು ತಿರುಗಿ ತಂದುಕೊಟ್ಟ. ಅಂಗಡಿಯೇ ಜಾರುವಂತೆ ಕಾಣುತ್ತದೆ ಎಂದನಂತೆ.

“ಕೈ ಹೋಯ್ತು ಅಂದ್ಕೊಂಡೆ,” ಎಂದರು. “ಕೈಗೂ ಒಂದು ಕಾಲ ಅಂತ ಇರುತ್ತಲ್ಲ. ಬ್ರಷ್ಷುಗಳನ್ನ ಕೊಟ್ಟುಬಿಟ್ಟೆ.”

“ಹದಿನೆಂಟು ಬ್ರಷ್ಷು,” ಎಂದರು ಹೆಂಡತಿ. “ನಂಗಿಂತ ಹೆಚ್ಚು ಅವನ್ನ ನೋಡ್ಕೊಂಡಿದ್ರು. ಪುಕ್ಕಟೆ ಕೊಟ್ಟಿದಾರೆ ಮಹಾರಾಯ್ರು.”

ಹೊಸ ಕನ್ನಡಕ ಕೊಟ್ಟೆ. ಹಾಕಿಕೊಂಡು ಮೊದಲು ತಮ್ಮ ಕೈ ನೋಡಿಕೊಂಡರು. ಆಮೇಲೆ ಎದ್ದು ಅಂಗಡಿಯ ಬಾಗಿಲು ತೆಗೆದು, ಗೋಡೆಗೆ ಒರಗಿಸಿದ್ದ ಆ ಬೋರ್ಡನ್ನು ತಿರುಗಿಸಿದರು. ಹಸಿರು ಅಕ್ಷರಗಳು, ಒಂದೇ ಅಳತೆ, ಒಂದೇ ದಪ್ಪ, ಎಲ್ಲವೂ ಒಂದೇ ಕಡೆ ವಾಲಿದ್ದವು. ಬಹಳ ಹೊತ್ತು ನೋಡಿದರು.

“ಅಯ್ಯೋ ಶಿವನೇ. ಇದನ್ನ ಯಾವ ಕುಡುಕ ಬರ್ದ?”

ಹೆಂಡತಿ ನಕ್ಕುಬಿಟ್ಟರು. ಅವರೂ ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಔಷಧಿ ಅಂಗಡಿಯ ಹೆಸರನ್ನೇ ಓದುತ್ತ ನಿಂತೆ.

ಬಾಗಿಲವರೆಗೆ ಬಂದ ಹೆಂಡತಿ ಕೇಳಿದರು, “ಯಾರು ಮಾಡಿದ್ದು ಈ ತಪ್ಪು? ಗೊತ್ತಾಯ್ತಾ?”

“ಒಬ್ಬರನ್ನ ಕೆಲಸದಿಂದ ತೆಗೀತಿದ್ದಾರೆ” ಎಂದೆ.

“ಅಯ್ಯೋ ಪಾಪ,” ಎಂದರು. “ಬೇಕು ಅಂತ ಮಾಡಿರ್ತಾರಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಇಡೀ ದಾರಿ ಆ ಒಂದು ಮಾತು ಪಕ್ಕದಲ್ಲಿ ಕೂತಿತ್ತು.

ಮಾರ್ಚ್ 18, ಸೋಮವಾರ

ಎಂಟು ಗಂಟೆಗೇ ಹೋಗಿ ಅಟ್ಟದಿಂದ ಪೆಟ್ಟಿಗೆಗಳನ್ನು ನಾನೇ ಇಳಿಸಿದೆ. ಇಪ್ಪತ್ತನಾಲ್ಕು ಪೆಟ್ಟಿಗೆ. ಸಾಫ್ಟ್‌ವೇರಿನ ಹೆಣ್ಣುಮಗಳು ಬಂದಾಗ ನನ್ನ ಮೈಯೆಲ್ಲ ಧೂಳು. ಮೇಲಿನ ಕಟ್ಟು ಬಿಚ್ಚಿ ಅವಳ ಮುಂದಿಟ್ಟೆ. ಹೇಗೆ ಶುರುಮಾಡಬೇಕೆಂದು ಬಸ್ಸಿನಲ್ಲಿ ಎರಡು ವಾಕ್ಯ ಸಿದ್ಧಮಾಡಿಕೊಂಡಿದ್ದೆ, ಎರಡೂ ಮರೆತವು. “ಪೆನ್ಸಿಲಿನದು ನನ್ನ ಕೈಬರಹ” ಎಂದೆ.

ಅವಳು ಒಂದು ಚೀಟಿ ನೋಡಿದಳು, ಇನ್ನೊಂದು, ಇನ್ನೊಂದು ವರ್ಷದ್ದು. ಸ್ಟೂಲಿನ ಮೇಲೆ ಕೂತಳು.

“ತೊಂಬತ್ತು ದಾಟಿದ್ರೆ ಆಗೋ ತಪ್ಪು ನಂಗೆ ನಿನ್ನೆನೇ ಸಿಕ್ತು. ಆರು ವರ್ಷ ಹೇಗೆ ನಡೀತು ಅನ್ನೋದು ಸಿಕ್ಕಿರ್ಲಿಲ್ಲ. ಅದಿಲ್ದೆ ನಮ್ಮ ಬಾಸ್ ಒಪ್ಪಲ್ಲ.” ಪೆಟ್ಟಿಗೆಗಳತ್ತ ನೋಡಿದಳು. “ಎಷ್ಟಿರ್ಬಹುದು ಅಕ್ಕಾ?”

“ಆರು ಸಾವಿರದ ಮುನ್ನೂರು ಚಿಲ್ಲರೆ.”

“ಅಂದಾಜಾ?”

“ಅಂದಾಜು.”

ಅವಳಿಗೆ ನಗು ಬಂತು, ತಡೆದುಕೊಂಡಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, “ಇಂಥದ್ದು ಬೇರೇನಾದ್ರೂ ಇದ್ಯಾ?”

“ಇನ್ನೂ ನಾಲ್ಕಿವೆ,” ಎಂದೆ. ಸ್ವಲ್ಪ ಯೋಚಿಸಿ, “ಐದು. ಒಂದು ಸಣ್ಣದು.”

ಯಜಮಾನರ ಕೋಣೆಯಲ್ಲಿ ಇದು ಇಷ್ಟು ಸುಲಭವಾಗಲಿಲ್ಲ. ಅವರು ಒಂದೊಂದೇ ಚೀಟಿಯನ್ನು ಮೇಜಿನ ಮೇಲೆ ಹಾಕುತ್ತ ಹೋದರು.

“ಆರು ವರ್ಷ! ಬಾಯಿ ಬಿಟ್ಟಿದ್ರೆ ಮುತ್ತು ಉದುರ್ತಿತ್ತಾ?”

ಅಂದಿನ ನಗುವಿನ ಸಂಗತಿ ಹೇಳಿದೆ. ಅವರಿಗೆ ನೆನಪಿಲ್ಲ. ನಗದೇ ಇದ್ದವರಂತೆ ಮುಖಮಾಡಿದರು, ನಿಜಕ್ಕೂ ಮರೆತಿರಬಹುದು. “ಕ್ಲಿನಿಕ್ ಹೋಯ್ತು. ಮೂವತ್ತೊಂದು ಜೋಡಿ ಮತ್ತೆ ಮಾಡ್ಬೇಕು. ಬೋರ್ಡಿನವನ ಬೋರ್ಡು, ಟ್ಯಾಕ್ಸಿಯವನ ಬಾಡಿಗೆ. ಎಲ್ಲ ಅರ್ಧ ಗಂಟೆ ಕೆಲಸಕ್ಕಮ್ಮ, ಆ ಹುಡುಗಿ ಈಗ ಹೇಳಿದ್ಳು, ಅರ್ಧ ಗಂಟೆ!”

“ಒಂದು ಮಾತು ಬಾಕಿ ಇದೆ,” ಎಂದೆ. “ತಿರುಪಣ್ಣ ಏನೂ ಒತ್ತಿಲ್ಲ.”

ಬಾಗಿಲು ತೆರೆದೇ ಇತ್ತು. ಅವರಿಗೆ ಕೇಳಿಸಲೆಂದು ಜೋರಾಗಿ ಹೇಳಿದೆ. ನನ್ನ ದನಿ ಅಷ್ಟು ಜೋರಿದೆಯೆಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 19, ಮಂಗಳವಾರ

ತಿರುಪಣ್ಣ ಉಳಿಯುತ್ತಾರೆ. ತಿಂಗಳ ಕೊನೆಗೆ ನಾನು ಬಿಡುತ್ತೇನೆ.

ಮಾರ್ಚ್ 22, ಶುಕ್ರವಾರ

ತಿರುಪಣ್ಣ ನನ್ನೊಡನೆ ಮಾತಾಡುತ್ತಿಲ್ಲ. ಬೈಯುವುದೂ ಇಲ್ಲ. ಫ್ರೇಮಿನ ಟ್ರೇಯನ್ನು ಮೊದಲು ಕೈಗೆ ಕೊಡುತ್ತಿದ್ದರು, ಈಗ ಮೇಜಿನ ಅಂಚಿನಲ್ಲಿಟ್ಟು ಹೋಗುತ್ತಾರೆ. ತಪ್ಪು ಮುಚ್ಚಿಟ್ಟ ಆರು ವರ್ಷಗಳಿಗಾಗಿ ಅಲ್ಲ. “ಏನೋ ಒತ್ತಿರ್ಬೇಕು ಕಣಮ್ಮ” ಎಂದಾಗ ನಾನು ಲೆನ್ಸು ಒರೆಸುತ್ತ ಕೂತಿದ್ದೆನಲ್ಲ, ಅದಕ್ಕಾಗಿ. ನ್ಯಾಯವೇ.

ತಿದ್ದುಪಡಿ ಬುಧವಾರವೇ ಆಯಿತು. ಇಪ್ಪತ್ತೈದು ನಿಮಿಷ ಹಿಡಿಯಿತು, ಗಡಿಯಾರ ನೋಡಿದ್ದೆ. ಪರೀಕ್ಷೆಗೆಂದು ತೊಂಬತ್ತು ದಾಟಿದ ಚೀಟಿಯೊಂದನ್ನು ಅಚ್ಚುಹಾಕಿದಳು. ದೊಡ್ಡಕ್ಷರವೂ ಚಿಕ್ಕಕ್ಷರವೂ ತಾಳೆಯಾದವು. ಅಭ್ಯಾಸಬಲದಿಂದ ಪೆನ್ಸಿಲ್ ಎತ್ತಿದ್ದೆ. ಬರೆಯಲು ಏನೂ ಇರಲಿಲ್ಲ.

“ಶೂ ಲೇಸು ಬಿಚ್ಚಿದೆ” ಎಂದು ಅವಳಿಗೆ ಹೇಳಿದೆ.

ಮಾರ್ಚ್ 26, ಮಂಗಳವಾರ

ಹೊಲಿಗೆಯಾಕೆ ಫೋನ್ ಮಾಡಿದ್ದಳು. ಕನ್ನಡಕ ಚೆನ್ನಾಗಿದೆಯಂತೆ, ಕಾಲರು ಕೂತಿತಂತೆ. ಬೇರೇನು ವಿಷಯ ಎಂದು ಕೇಳಿದೆ. ಏನೂ ಇರಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆವು. ಬೋರ್ಡಿನವರಿಗೆ ಹದಿನೇಳು ಬ್ರಷ್ಷು ತಿರುಗಿ ಸಿಕ್ಕಿವೆ. ಉಳಿದೊಂದರಲ್ಲಿ ಯಾರೋ ಬಾಗಿಲಿಗೆ ಬಣ್ಣ ಹಚ್ಚಿ ತೊಳೆಯದೆ ಇಟ್ಟಿದ್ದರಂತೆ.

ಸಂಜೆ ಅಡುಗೆಗೆ ಉಪ್ಪು ಹೆಚ್ಚಾಯಿತು. ಕೆಳಮನೆಯಾಕೆಗೂ ಸ್ವಲ್ಪ ಕೊಟ್ಟು ಬಂದೆ, ಹೆಚ್ಚಾಗಿದೆ ಎಂದು ಹೇಳಿಯೇ ಕೊಟ್ಟೆ.

ಮಾರ್ಚ್ 29, ಶುಕ್ರವಾರ

ಕೊನೆಯ ದಿನ. ಮೇಜು ಖಾಲಿ ಮಾಡಲು ಹತ್ತು ನಿಮಿಷ ಸಾಕಾಯಿತು: ಒರೆಸುವ ಬಟ್ಟೆ, ಲೋಟ, ಏಳು ಗಿಡ್ಡ ಪೆನ್ಸಿಲು. ಉಳಿದ ಆ ಐದು ತಪ್ಪುಗಳ ಪಟ್ಟಿಯನ್ನು ಕಂಪ್ಯೂಟರಿನ ಪಕ್ಕ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದೆ. ಯಜಮಾನರು ಕೈ ಮುಗಿದರು, ನಾನೂ ಮುಗಿದೆ.

ಪಟ್ಟಿಯನ್ನು ಕೊನೆಯ ಸಲ ಓದಲು ಬಗ್ಗಿದಾಗ ಕನ್ನಡಕ ಜಾರಿ ಮೇಜಿನ ಮೇಲೆ ಬಿತ್ತು. ಎತ್ತಿಕೊಳ್ಳುವ ಮೊದಲೇ ಇನ್ನೊಂದು ಕೈ ಎತ್ತಿತು. ತಿರುಪಣ್ಣ. ಕಿಟಕಿಯ ಬೆಳಕಿಗೆ ಹಿಡಿದು ಕಡ್ಡಿಯನ್ನು ಅಲ್ಲಾಡಿಸಿ ನೋಡಿದರು. ಹನ್ನೊಂದು ದಿನದ ನಂತರ ಮೊದಲ ಮಾತು:

“ಎಷ್ಟು ದಿನದಿಂದ ಸಡಿಲ ಇದೆ ಇದು?”

“ಮೂರು ತಿಂಗಳಾಯ್ತು.”

“ಮೂರು ತಿಂಗಳು! ಪಕ್ಕದಲ್ಲೇ ಕೂತಿದ್ದೆನಲ್ಲಮ್ಮ ನಾನು, ಇದೇ ಕೆಲಸ ಮಾಡ್ಕೊಂಡು. ಹೇಳ್ಬಾರ್ದಾ?”

ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಾವೇ ನನ್ನ ಕಿವಿಗೆ ಸಿಕ್ಕಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

ಸರಿಯಿದೆ ಎಂದು ಹೇಳಿ ಹೊರಡಬಹುದಿತ್ತು.

“ಎಡಗಡೆ ಬಿಗಿಯಾಯ್ತು ಅಣ್ಣಾ,” ಎಂದೆ. “ಕಿವಿ ಹಿಂದೆ ಒತ್ತುತ್ತೆ.”

“ಒತ್ತುತ್ತಾ? ಕೊಡಿ ಇತ್ಲಾಗೆ.”

ಕಾಲು ಸುತ್ತು ಸಡಿಲಿಸಿದರು. “ಈಗ?”

ತಲೆ ಬಗ್ಗಿಸಿ ನೋಡಿದೆ, ಎತ್ತಿ ನೋಡಿದೆ. ಜಾರಲಿಲ್ಲ.

“ಈಗ ಸರಿಯಾಯ್ತು.”